ಮಳೆಗಾಲ ತಡೆಯುವ ಹ್ಯಾಮ್ ಸ್ಟೇಷನ್: ಕೇಬಲ್, ತಂತಿ, ಗಳ, ಮೀಟರ್ – ಯಾವುದನ್ನು ಆರಿಸಿಕೊಳ್ಳಬೇಕು?

ಜುಲೈ ತಿಂಗಳ ಒಂದು ಬೆಳಿಗ್ಗೆ. ನಾನು ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೋ ಸ್ಟೇಷನ್ ನಡೆಸುವವನು. 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಆಸುಪಾಸು) ಮೈಸೂರಿನ ಗೆಳೆಯರೊಬ್ಬರು, "ಏನ್ ಮೇಷ್ಟ್ರೇ, ನಿಮ್ಮ ದನಿ ಬಾವಿಯೊಳಗಿಂದ ಬಂದ ಹಾಗಿದೆಯಲ್ಲ" ಅಂದರು. ನನಗೂ ಅವರು ಸರಿಯಾಗಿ ಕೇಳುತ್ತಿರಲಿಲ್ಲ. ಎಸ್‌ಡಬ್ಲ್ಯುಆರ್ ಮೀಟರ್ ನೋಡಿದೆ. ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ಹೇಳುವ ಮೀಟರ್ ಇದು, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. 1.2 ತೋರಿಸುತ್ತಿತ್ತು. ಬೇಸಿಗೆಯಲ್ಲಿ 1.6 ಇದ್ದದ್ದು ಈಗ ಇನ್ನೂ ಚೆನ್ನಾಗಿದೆ! ಹಾಗಾದರೆ ಆಂಟೆನಾ ಸರಿಯಿದೆ, ರೇಡಿಯೋನೇ ಕೆಟ್ಟಿದೆ ಅಂದುಕೊಂಡೆ. ಸೆಟ್ ಬಿಚ್ಚಿಕೊಂಡು ಎರಡು ದಿನ ಕೂತೆ. ಏನೂ ಸಿಗಲಿಲ್ಲ.

ಮೂರನೇ ದಿನ ಮಳೆ ಸ್ವಲ್ಪ ಹೊಳವಾಯಿತು. ಆಂಟೆನಾ ಕೆಳಗಿಳಿಸಿ, ಕೇಬಲ್ ಸೇರುವ ಜಾಗದ ಟೇಪ್ ಬಿಚ್ಚಿದೆ. ಕನೆಕ್ಟರ್ ತಿರುಗಿಸಿದ ಕೂಡಲೇ ಅರ್ಧ ಚಮಚದಷ್ಟು ನೀರು ಅಂಗೈಗೆ ಸುರಿಯಿತು. ಕೇಬಲಿನ ಹೊರಸಿಪ್ಪೆ ಸೀಳಿ ನೋಡಿದರೆ ಒಳಗಿನ ತಾಮ್ರದ ಹೆಣಿಗೆ ಕಪ್ಪಾಗಿತ್ತು. ಅಲ್ಲಲ್ಲಿ ಹಸಿರು ಕಿಲುಬು. ಒಂದು ಅಡಿ ಕತ್ತರಿಸಿದೆ, ಕಪ್ಪು. ಇನ್ನೊಂದು ಅಡಿ, ಆಗಲೂ ಕಪ್ಪು. ಹೀಗೇ ನಾಲ್ಕು ಮೀಟರ್ ಕತ್ತರಿಸಿದ ಮೇಲೆ ಕೆಂಪು ತಾಮ್ರ ಕಂಡಿತು.

ನೀರು ಕುಡಿದ ಕೇಬಲ್ ಸಿಗ್ನಲ್ಲನ್ನು ನುಂಗುತ್ತದೆ. ಆಂಟೆನಾದಿಂದ ವಾಪಸ್ ಬರುವ ಪವರ್ ಹೋಗುವಾಗಲೂ ಬರುವಾಗಲೂ ಸವೆಯುವುದರಿಂದ ಮೀಟರಿಗೆ ಕಾಣುವುದು ಕಡಿಮೆ. ಅದಕ್ಕೇ ಎಸ್‌ಡಬ್ಲ್ಯುಆರ್ ಚೆನ್ನಾಗಿ ಕಂಡದ್ದು. ಕಾರಣವಿಲ್ಲದೆ ಎಸ್‌ಡಬ್ಲ್ಯುಆರ್ ಸುಧಾರಿಸಿದರೆ ಖುಷಿಪಡಬೇಡಿ, ಕೇಬಲ್ ನೋಡಿ.

ನನ್ನ ಮನೆ ಮಲೆನಾಡಿನಲ್ಲಿದೆ. ಹತ್ತಿರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಇಲ್ಲಿ ಇಷ್ಟು ವರ್ಷ ಸ್ಟೇಷನ್ ನಡೆಸಿ ನಾನು ಕಂಡುಕೊಂಡದ್ದು ಒಂದೇ. ರೇಡಿಯೋ ಪೆಟ್ಟಿಗೆ ಕೆಡುವುದು ಕಡಿಮೆ, ಮನೆಯ ಹೊರಗಿನ ಜಾಯಿಂಟ್‌ಗಳು ಕೆಡುವುದು ಜಾಸ್ತಿ. ಆದ್ದರಿಂದ ಎರಡು ವಸ್ತುಗಳ ನಡುವೆ ಯಾವುದು ಅಂತ ಯೋಚಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಇದು ಮಳೆಗಾಲ ತಡೆಯುತ್ತದೆಯೇ ಅನ್ನುವುದು. ಬಯಲುಸೀಮೆಯವರಿಗೆ ಮಳೆಯ ಜಾಗದಲ್ಲಿ ಬಿಸಿಲು, ಕಾರವಾರ–ಮಂಗಳೂರಿನವರಿಗೆ ಉಪ್ಪುಗಾಳಿ ಇದೆ. ಈಗಷ್ಟೇ ವಿಯು2 ಅಥವಾ ವಿಯು3 ಅಂತ ಶುರುವಾಗುವ ಕಾಲ್‌ಸೈನ್ (ಹ್ಯಾಮ್‌ಗೆ ಲೈಸೆನ್ಸ್ ಜೊತೆ ಸಿಗುವ ಗುರುತು) ಸಿಕ್ಕಿ, ಮನೆಯಲ್ಲೇ ಎಲ್ಲ ಕಟ್ಟಿಕೊಳ್ಳಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಳೆಯಲು: ಎಸ್‌ಡಬ್ಲ್ಯುಆರ್ ಮೀಟರೋ, ನ್ಯಾನೋ ವಿಎನ್‌ಎಯೋ?

ಎರಡಕ್ಕೂ ಮೊದಲು ಒಂದು ಡಮ್ಮಿ ಲೋಡ್ ಮಾಡಿಕೊಳ್ಳಿ. ಆಂಟೆನಾದ ಬದಲು ಸೆಟ್ಟಿಗೆ ಜೋಡಿಸಿ, ಪವರನ್ನೆಲ್ಲ ಬಿಸಿಯಾಗಿ ಕಳೆಯುವ ರೆಸಿಸ್ಟರ್ ಇದು. ಇದಿಲ್ಲದೆ ತಪ್ಪು ರೇಡಿಯೋದ್ದೋ ಆಂಟೆನಾದ್ದೋ ಅಂತ ಹೇಳಲು ಬರುವುದಿಲ್ಲ. ಕೊಳ್ಳುವ ಅಗತ್ಯವಿಲ್ಲ. 1 ಕಿಲೋ ಓಮ್, 2 ವಾಟ್‌ನ 20 ರೆಸಿಸ್ಟರ್ ತನ್ನಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೈತುಂಬ ಸಿಗುತ್ತವೆ. ಎರಡು ಸಣ್ಣ ತಾಮ್ರದ ತಗಡಿನ ನಡುವೆ ಇಪ್ಪತ್ತನ್ನೂ ಸಮಾನಾಂತರವಾಗಿ ನಿಲ್ಲಿಸಿ ಬೆಸುಗೆ ಹಾಕಿ. 1000 ಭಾಗ 20, ಸರಿಯಾಗಿ 50 ಓಮ್. ಒಟ್ಟು 40 ವಾಟ್ ತಡೆಯುತ್ತದೆ. 10 ವಾಟ್‌ನ ಸೆಟ್ಟಿಗೆ ಇದು ಧಾರಾಳ ಸಾಕು. 100 ವಾಟ್‌ನ ಸೆಟ್ಟಾದರೆ ಪವರ್ ಇಳಿಸಿ, ಕೆಲವೇ ಸೆಕೆಂಡ್ ಒತ್ತಿ. ಒಂದು ಎಚ್ಚರ: ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ರೆಸಿಸ್ಟರ್ ಅಂತಲೇ ಕೇಳಿ ತೆಗೆದುಕೊಳ್ಳಿ. ತಂತಿ ಸುತ್ತಿದ ರೆಸಿಸ್ಟರ್ ರೇಡಿಯೋ ತರಂಗಕ್ಕೆ ಕಾಯಿಲ್ ಇದ್ದ ಹಾಗೆ, ಕೆಲಸಕ್ಕೆ ಬಾರದು.

ಅಂದು ನನ್ನ ಮೇಜಿನ ಮೇಲೆ ಇದೊಂದು ಇದ್ದಿದ್ದರೆ ಸೆಟ್ ಬಿಚ್ಚುವ ಎರಡು ದಿನ ಉಳಿಯುತ್ತಿತ್ತು. ಡಮ್ಮಿ ಲೋಡಿಗೆ ಪೂರ್ತಿ ಪವರ್ ಬಂದರೆ ಸೆಟ್ಟಿನ ತಂಟೆಗೆ ಹೋಗದೆ ಹೊರಗೆ ಹೋಗಿ ಹುಡುಕಬೇಕು. ಅಷ್ಟೇ.

ಇನ್ನು ಮೀಟರ್. ಮುಳ್ಳಿರುವ ಎಸ್‌ಡಬ್ಲ್ಯುಆರ್ ಮೀಟರ್ ಗಟ್ಟಿ. ಸದಾ ಲೈನಿನಲ್ಲೇ ಇರಬಹುದು. ಮಾತಾಡುತ್ತಿರುವಾಗಲೇ ಏನಾದರೂ ಕೆಟ್ಟರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಆದರೆ ಅದು ಟ್ರಾನ್ಸ್‌ಮಿಟ್ ಮಾಡಿದಾಗ ಮಾತ್ರ, ಆ ಒಂದು ಫ್ರೀಕ್ವೆನ್ಸಿಯಲ್ಲಿ ಮಾತ್ರ ಹೇಳುತ್ತದೆ. ಆಂಟೆನಾ ಉದ್ದವೋ ಗಿಡ್ಡವೋ ಅಂತ ನೀವೇ ಊಹಿಸಬೇಕು.

ನ್ಯಾನೋ ವಿಎನ್‌ಎ ಅನ್ನುವ ಪುಟ್ಟ ಅಳತೆ ಯಂತ್ರ ಅಂಗೈಯಗಲದ ಪರದೆಯಲ್ಲಿ ಇಡೀ ಬ್ಯಾಂಡಿನ ಗೆರೆ ಬರೆದು ತೋರಿಸುತ್ತದೆ. ಆಂಟೆನಾ 6.8 ಮೆಗಾಹರ್ಟ್ಸ್‌ನಲ್ಲಿ ಕೂತಿದೆಯೋ 7.3ರಲ್ಲೋ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೇಬಲ್ ಹಾಳಾಗಿದೆಯೇ ಅಂತಲೂ ಹೇಳುತ್ತದೆ. ಕೇಬಲಿನ ಆ ತುದಿಯನ್ನು ಸುಮ್ನೆ ತೆರೆದು ಬಿಟ್ಟು ಈ ತುದಿಯಲ್ಲಿ ರಿಟರ್ನ್ ಲಾಸ್ ನೋಡಿ, ಅಂದರೆ ಕಳಿಸಿದ್ದಕ್ಕಿಂತ ವಾಪಸ್ ಬಂದದ್ದು ಎಷ್ಟು ಡೆಸಿಬಲ್ ಕಡಿಮೆ ಅನ್ನುವ ಅಂಕಿ. ಬಂದ ಅಂಕಿಯ ಅರ್ಧ ಕೇಬಲಿನ ನಷ್ಟ. 20 ಮೀಟರ್ ಉದ್ದದ ಹೊಸ ಆರ್‌ಜಿ-58 ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 1.5 ಡೆಸಿಬಲ್ ತೋರಿಸುತ್ತದೆ. 6 ತೋರಿಸಿದರೆ ಒಂದು ದಿಕ್ಕಿಗೆ 3 ಡೆಸಿಬಲ್, ಅಂದರೆ ನಿಮ್ಮ ಪವರಿನಲ್ಲಿ ಅರ್ಧ ಕೇಬಲಿಗೇ ಹೋಗುತ್ತಿದೆ.

ಅದರ ನಾಜೂಕುತನವೂ ತಿಳಿದಿರಲಿ. ಓಪನ್, ಶಾರ್ಟ್, ಲೋಡ್ ಅಂತ ಮೂರು ಪುಟ್ಟ ಮುಚ್ಚಳ ಹಾಕಿ ಮೊದಲು ಕ್ಯಾಲಿಬ್ರೇಟ್ ಮಾಡಬೇಕು. ಅದು ಲೈನಿನಲ್ಲಿ ಇರುವಾಗ ಟ್ರಾನ್ಸ್‌ಮಿಟ್ ಮಾಡಿದರೆ ಅಲ್ಲಿಗೆ ಮುಗಿಯಿತು. ಉದ್ದನೆಯ ತಂತಿಯಲ್ಲಿ ಗಾಳಿಗೆ ಚಾರ್ಜ್ ಕೂಡಿಕೊಂಡಿರುತ್ತದೆ. ಹಾಗಾಗಿ ಕೇಬಲಿನ ನಡುತಂತಿಯನ್ನು ಹೆಣಿಗೆಗೆ ಒಮ್ಮೆ ತಾಗಿಸಿ ಆಮೇಲೆ ಜೋಡಿಸಿ.

ಒಂದೇ ಕೊಳ್ಳುವುದಾದರೆ? ಆಂಟೆನಾ ನೀವೇ ಕಟ್ಟುವವರಾದರೆ ನ್ಯಾನೋ ವಿಎನ್‌ಎ. ಈಗಿನ ಬಹಳ ಸೆಟ್‌ಗಳಲ್ಲಿ ಎಸ್‌ಡಬ್ಲ್ಯುಆರ್ ಮೀಟರ್ ಒಳಗೇ ಇರುತ್ತದೆ.

ಕೇಬಲ್: ಆರ್‌ಜಿ-58, ಆರ್‌ಜಿ-213, ಇಲ್ಲ ಡಿಶ್ ಟಿವಿ ಕೇಬಲ್?

ಹೊಸಬರು ಇಲ್ಲಿ ಹಣ ಉಳಿಸುತ್ತಾರೆ, ಇಲ್ಲವೇ ಬೇಡದ ಕಡೆ ಸುರಿಯುತ್ತಾರೆ. ನಿರ್ಧಾರ ಮಾಡಬೇಕಾದದ್ದು ಬ್ಯಾಂಡ್ ಮತ್ತು ಉದ್ದ ನೋಡಿ.

ನೀವು 40 ಮೀಟರ್, 20 ಮೀಟರ್ ಬ್ಯಾಂಡಿನಲ್ಲೇ ಇರುವವರು, ಕೇಬಲ್ 20 ಮೀಟರಿನೊಳಗೆ ಸಾಕು ಅಂದರೆ ಆರ್‌ಜಿ-58 ಕೊಳ್ಳಿ. 7 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಉದ್ದಕ್ಕೆ ಮುಕ್ಕಾಲು ಡೆಸಿಬಲ್ ಹೋಗುತ್ತದೆ. ಎದುರಿನವರ ಕಿವಿಗೆ ಅದು ತಿಳಿಯುವುದೇ ಇಲ್ಲ. ಇದಕ್ಕಾಗಿ ಆರ್‌ಜಿ-213 ಹಾಕಿದರೆ ದಪ್ಪ ಕೇಬಲಿನ ಭಾರಕ್ಕೆ ಡೈಪೋಲ್ (ಎರಡು ತುದಿ ಎಳೆದು ಕಟ್ಟಿ, ನಡುವೆ ಕೇಬಲ್ ಸೇರಿಸುವ ತಂತಿಯ ಆಂಟೆನಾ) ನಡುವೆ ಜೋತುಬೀಳುತ್ತದೆ, ಅಷ್ಟೇ ಲಾಭ.

2 ಮೀಟರ್ ಬ್ಯಾಂಡಿಗೆ, ಅಂದರೆ 145 ಮೆಗಾಹರ್ಟ್ಸ್ ಆಸುಪಾಸಿಗೆ ಬಂದರೆ ಲೆಕ್ಕವೇ ಬೇರೆ. ಅದೇ 20 ಮೀಟರ್ ಆರ್‌ಜಿ-58ರಲ್ಲಿ ಅರ್ಧಕ್ಕಿಂತ ಜಾಸ್ತಿ ಪವರ್ ದಾರಿಯಲ್ಲೇ ಖಾಲಿ. ಆರ್‌ಜಿ-213ರಲ್ಲಿ ಮೂರರಲ್ಲಿ ಎರಡು ಪಾಲು ಮೇಲೆ ತಲುಪುತ್ತದೆ. ರಿಪೀಟರ್, ಅಂದರೆ ನಮ್ಮ ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸ್ಟೇಷನ್, ದೂರದಲ್ಲಿದ್ದು ಕೈಸೆಟ್ಟಿನ 5 ವಾಟ್‌ನಲ್ಲೇ ಕೆಲಸ ಮಾಡಬೇಕು ಅನ್ನುವವರಿಗೆ ಈ ವ್ಯತ್ಯಾಸ ದೊಡ್ಡದು.

ಇನ್ನು ಊರೂರಿನಲ್ಲೂ ಸಿಗುವ ಆರ್‌ಜಿ-6, ನಮ್ಮ ಡಿಶ್ ಕೇಬಲ್. ಇದನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು 75 ಓಮ್, ನಮ್ಮ ಸೆಟ್ 50 ಓಮ್, ನಿಜ. ಆಂಟೆನಾ 75 ಓಮ್ ಹತ್ತಿರ ಇದ್ದರೆ ಎಸ್‌ಡಬ್ಲ್ಯುಆರ್ 1.5 ಆಸುಪಾಸು ಬರುತ್ತದೆ, 50 ಓಮಿನದಾದರೆ ಕೇಬಲಿನ ಉದ್ದ ನೋಡಿ 2 ದಾಟಲೂಬಹುದು. 1.5ಕ್ಕೆ ಯಾವ ಸೆಟ್ಟೂ ಹೆದರುವುದಿಲ್ಲ. ಎತ್ತರದಲ್ಲಿ ನೇರವಾಗಿ ಕಟ್ಟಿದ ಡೈಪೋಲಿಗೂ 70 ಓಮ್ ಹತ್ತಿರವೇ ಇರುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ ಇದರ ನಷ್ಟ ಆರ್‌ಜಿ-213ಕ್ಕೆ ಸಮ, ಒಳ್ಳೆಯ ಮಾಲಾದರೆ ಇನ್ನೂ ಸ್ವಲ್ಪ ಕಡಿಮೆಯೇ. ತೊಂದರೆ ಇರುವುದು ಜಾಯಿಂಟಿನಲ್ಲಿ. ಇದರ ಹೆಣಿಗೆ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಒಳತಂತಿ ಬಹುಪಾಲು ಉಕ್ಕು, ಮೇಲೆ ತಾಮ್ರದ ಲೇಪ. ಲೇಪ ಗೀರಿದರೆ ತುಕ್ಕು. ಎಫ್ ಕನೆಕ್ಟರ್ ಹಾಕಿ, ಅದರಿಂದ ಅಡಾಪ್ಟರ್ ಹಾಕಬೇಕು. ಮಳೆ ಬೀಳುವ ಜಾಗದಲ್ಲಿ ಜಾಯಿಂಟ್ ಒಂದರ ಬದಲು ಎರಡಾದ ಹಾಗಾಯಿತು. ಹಾಗಾಗಿ ನನ್ನ ಮಾತು ಹೀಗೆ: ಬೆಂಗಳೂರಿನ ತಾರಸಿಯ ಮೇಲೆ 2 ಮೀಟರ್ ಆಂಟೆನಾ ಇಡುವವರಿಗೆ, ಬಜೆಟ್ ಕಡಿಮೆ ಇದ್ದರೆ ಆರ್‌ಜಿ-6 ಒಳ್ಳೆಯದು. ಮಲೆನಾಡು, ಕರಾವಳಿಯವರು ತಾಮ್ರದ ಹೆಣಿಗೆಯ ಕೇಬಲ್ಲನ್ನೇ ನೋಡಿ.

ಅಂಗಡಿಯಲ್ಲಿ ಕೇಬಲಿನ ಮೇಲಿನ ಅಕ್ಷರ ನಂಬಿ ತರಬೇಡಿ. ಒಂದು ಇಂಚು ಸುಲಿದು ತೋರಿಸಿ ಅನ್ನಿ. ಹೆಣಿಗೆ ಒತ್ತಾಗಿ ಇದ್ದು ಒಳಗಿನ ಬಿಳಿ ಪ್ಲಾಸ್ಟಿಕ್ ಹೆಚ್ಚು ಕಾಣದಿದ್ದರೆ ಒಳ್ಳೆಯ ಮಾಲು. ಸೊಳ್ಳೆಪರದೆಯ ಹಾಗೆ ಬಿಡಿಬಿಡಿಯಾಗಿದ್ದರೆ ಬೇಡ.

ಜಾಯಿಂಟ್ ಮುಚ್ಚಲು ಯಾವುದು?

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇಡೀ ಸ್ಟೇಷನ್ನಿನಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಬೆಲೆ ಬಾಳುವ ಕೆಲಸ ಇದು.

ಕರೆಂಟ್ ಕೆಲಸದವರ ಕಪ್ಪು ಪಿವಿಸಿ ಟೇಪ್ ಒಂದನ್ನೇ ಸುತ್ತಿದರೆ ಒಂದು ಬೇಸಿಗೆಗೆ ಅಂಟು ಕರಗಿ ಜಾರುತ್ತದೆ. ತುದಿ ಬಿಚ್ಚಿಕೊಂಡು ನೀರು ಒಳಗಿಳಿದರೆ ಹೊರಗೆ ಬರಲು ದಾರಿಯಿರುವುದಿಲ್ಲ. ನನ್ನ ಕೇಬಲ್ ಹಾಳಾದದ್ದು ಹೀಗೆ. ಎಂ-ಸೀಲ್ ಕಲ್ಲಿನ ಹಾಗೆ ಗಟ್ಟಿ. ನೀರು ಬಿಡುವುದಿಲ್ಲ, ಆದರೆ ಮುಂದಿನ ವರ್ಷ ಬಿಚ್ಚಬೇಕಾದರೆ ಕನೆಕ್ಟರ್ ಒಡೆಯಬೇಕು. ಡೈಪೋಲಿನ ನಡುವಿನ ಡಬ್ಬಿಯ ತೂತು ಮುಚ್ಚಲು ಇಟ್ಟುಕೊಳ್ಳಿ, ಕನೆಕ್ಟರಿಗೆ ಬೇಡ. ಸಿಲಿಕೋನ್ ಸೀಲಂಟ್ ಹಾಕುವವರು ಮೂಸಿ ನೋಡಿ. ವಿನಿಗರ್ ವಾಸನೆ ಬಂದರೆ ಅದರಿಂದ ಆಮ್ಲ ಹೊರಡುತ್ತಿದೆ ಅಂತ ಅರ್ಥ, ಅದು ತಾಮ್ರವನ್ನು ತಿನ್ನುತ್ತದೆ. ಕಿಟಕಿ ಗಾಜಿಗೆ ಸರಿ, ನಮ್ಮ ಜಾಯಿಂಟಿಗೆ ಅಲ್ಲ. ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್ ಪರವಾಗಿಲ್ಲ.

ನಾನು ನಂಬುವುದು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು. ಅಂಗಡಿಯಲ್ಲಿ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಅನ್ನಿ. ಅಂಟು ಇರುವುದಿಲ್ಲ. ಒಳಗಿನ ಹಾಳೆ ಸುಲಿದು, ಟೇಪನ್ನು ಅಗಲ ಕಿರಿದಾಗುವಷ್ಟು ಎಳೆದು ಸುತ್ತಬೇಕು. ಎಳೆಯದಿದ್ದರೆ ಬೆಸೆಯುವುದಿಲ್ಲ. ಪ್ರತಿ ಸುತ್ತು ಹಿಂದಿನದರ ಅರ್ಧದ ಮೇಲೆ ಕೂರಬೇಕು. ಕೆಳಗಿಂದ ಶುರುಮಾಡಿ ಮೇಲಕ್ಕೆ ಹೋಗಿ. ಮನೆಗೆ ಹೆಂಚು ಹೊದಿಸುವುದೂ ಹೀಗೇ ಅಲ್ವಾ? ಕೆಳಗಿನ ಸಾಲು ಮೊದಲು, ಅದರ ಮೇಲೆ ಮೇಲಿನ ಸಾಲು. ಆಗ ನೀರು ಜಾರಿ ಹೋಗುತ್ತದೆ, ಸಂದಿಗೆ ನುಗ್ಗುವುದಿಲ್ಲ. ಒಂದು ದಿನದಲ್ಲಿ ಇಡೀ ಸುತ್ತು ಒಂದೇ ರಬ್ಬರ್ ತುಂಡಾಗಿ ಬಿಡುತ್ತದೆ. ಅದರ ಮೇಲೆ ಬಿಸಿಲಿಗೆ ತಡೆಯಾಗಿ ಪಿವಿಸಿ ಟೇಪ್, ಅದನ್ನೂ ಕೆಳಗಿಂದ ಮೇಲಕ್ಕೆ. ಬಿಚ್ಚುವಾಗ ಬ್ಲೇಡಿನಿಂದ ಉದ್ದಕ್ಕೆ ಗೀರಿದರೆ ಸಿಪ್ಪೆಯ ಹಾಗೆ ಬರುತ್ತದೆ. ಒಳಗೆ ಕನೆಕ್ಟರ್ ಹೊಸದರಂತೆ ಹೊಳೆಯುವುದನ್ನು ನೋಡುವುದೇ ಒಂದು ಸಮಾಧಾನ.

ಇದು ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಬೆರಳಗಲದ ಪಟ್ಟಿ ಮಾಡಿ ಎಳೆದು ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕಿ. ಒಂದು ಮಳೆಗಾಲ ಖಂಡಿತ ದಾಟುತ್ತದೆ. ಜೊತೆಗೆ, ಕೇಬಲ್ ಕಿಟಕಿಯೊಳಗೆ ಬರುವ ಮುಂಚೆ ಹೊರಗೆ ಕೆಳಕ್ಕೊಂದು ಬಳುಕು ಕೊಡಿ. ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಗೋಡೆಗೆ ಇಳಿಯುವುದಿಲ್ಲ.

ತಂತಿ

ಇದು ಸುಲಭ. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ಎಳೆತಂತಿ ಸಾಕು. 90 ಮೀಟರಿನ ಒಂದು ಸುರುಳಿ ತಂದರೆ ನಾಲ್ಕು ಡೈಪೋಲ್ ಆಗುತ್ತದೆ. ಪಿವಿಸಿ ಹೊದಿಕೆ ಇರುವುದರಿಂದ ಕಿಲುಬು ನಿಧಾನ. ಮೆದು ತಾಮ್ರ ಆದ್ದರಿಂದ ಎಳೆತಕ್ಕೆ ಸ್ವಲ್ಪ ಉದ್ದವಾಗುತ್ತದೆ. ಮೊದಲ ತಿಂಗಳ ನಂತರ ಒಮ್ಮೆ ಇಳಿಸಿ ಅಳೆದು ಸರಿಮಾಡಿದರೆ ಆಮೇಲೆ ತಂಟೆಯಿಲ್ಲ. ಎನಾಮಲ್ ತಂತಿ ಗಾಳಿಗೆ ಬಾಗಿ ಬಾಗಿ ತುದಿಯಲ್ಲಿ ತುಂಡಾಗುತ್ತದೆ. ಬೇಲಿಯ ಜಿಐ ತಂತಿ ಕೆಲಸ ಮಾಡುತ್ತದೆ, ಆದರೆ ಸತುವಿನ ಲೇಪ ಹೋಗಿ ತುಕ್ಕು ಹಿಡಿದ ಮೇಲೆ ನಷ್ಟ ಜಾಸ್ತಿ. ತುರ್ತಿಗೆ ಸರಿ.

ಉದ್ದದ ಲೆಕ್ಕ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ 20.14 ಮೀಟರ್ ಬರುತ್ತದೆ, ಪ್ರತಿ ಕಡೆಗೆ 10 ಮೀಟರ್ ಚಿಲ್ಲರೆ. ಹೊದಿಕೆಯಿರುವ ತಂತಿಗೆ ಇದು ಇನ್ನೂ ಕಡಿಮೆಯಾಗುತ್ತದೆ, ನೂರಕ್ಕೆ ಎರಡರಿಂದ ಐದರಷ್ಟು. ಆದರೂ ಮೊದಲು ಪೂರ್ತಿ ಉದ್ದಕ್ಕೇ ಕತ್ತರಿಸಿ, ಮೇಲೇರಿಸಿ ನೋಡಿ, ಆಮೇಲೆ ತುದಿಯನ್ನು ಹಿಂದಕ್ಕೆ ಮಡಚಿ ಸುತ್ತುತ್ತಾ ಬನ್ನಿ. ಕತ್ತರಿಸಿ ಬಿಸಾಡಬೇಡಿ. ಬೇಕಾದರೆ ಬಿಚ್ಚಿ ಉದ್ದ ಮಾಡಬಹುದು. ತುದಿಗೆ ಇನ್ಸುಲೇಟರ್ ಅಂತ ಪಿವಿಸಿ ಪೈಪಿನ ಗೇಣುದ್ದದ ತುಂಡು ಸಾಕು. ಕರೆಂಟ್ ಕಂಬದ ಸ್ಟೇ ತಂತಿಯಲ್ಲಿ ನೋಡಿರುತ್ತೀರಲ್ಲ, ಆ ಪಿಂಗಾಣಿಯ ಮೊಟ್ಟೆ ಇನ್ಸುಲೇಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕರೆ ಇನ್ನೂ ಚೆನ್ನ.

ನಡುವಿನ ಜಾಯಿಂಟಿನಲ್ಲಿ ಭಾರವನ್ನು ಬೆಸುಗೆಯ ಮೇಲೆ ಹಾಕಬೇಡಿ. ತಂತಿ ಮೊದಲು ತೂತಿನಲ್ಲಿ ತೂರಿ ತನ್ನ ಮೇಲೇ ಐದಾರು ಸುತ್ತು ಹೊಸೆದುಕೊಂಡಿರಬೇಕು. ಬೆಸುಗೆ ಕರೆಂಟ್ ಹರಿಯಲು, ಭಾರ ಹೊರಲು ಅಲ್ಲ.

ಗಳ, ಪೈಪು, ಮರ

ಬಿದಿರು ಹಗುರ, ಅಗ್ಗ, ಕರೆಂಟ್ ಹರಿಯುವುದಿಲ್ಲ. ನೆಲದೊಳಗೆ ಹೂತರೆ ಗೆದ್ದಲು ಹಿಡಿದು ಎರಡು ಮಳೆಗಾಲಕ್ಕೆ ಬುಡ ಕೊಳೆಯುತ್ತದೆ. ಹೂಳುವ ಬದಲು ಒಂದೂವರೆ ಅಡಿ ಎತ್ತರದ ಕಲ್ಲಿಗೋ ಕಬ್ಬಿಣದ ಕೋನಕ್ಕೋ ಕಟ್ಟಿ ನಿಲ್ಲಿಸಿದರೆ ಮೂರು ನಾಲ್ಕು ವರ್ಷ ಬರುತ್ತದೆ. ಅಮಾವಾಸ್ಯೆ ಆಸುಪಾಸು ಕಡಿದ ಬಿದಿರಿಗೆ ಕುಟ್ಟೆ ಬೇಗ ಹಿಡಿಯುವುದಿಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ, ನಾನೂ ಹಾಗೇ ಕಡಿಸುತ್ತೇನೆ.

ಜಿಐ ಪೈಪ್ 6 ಮೀಟರಿನ ಉದ್ದದಲ್ಲಿ ಬರುತ್ತದೆ. ತಾರಸಿ ಮನೆಗೆ ಇದೇ ಸರಿ. ಮೇಲ್ತುದಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಒಳಗೆ ನೀರು ನಿಂತು ಬುಡದಿಂದ ತುಕ್ಕು. ಕರಾವಳಿಯವರು ನಟ್ಟು, ಬೋಲ್ಟು, ಕ್ಲ್ಯಾಂಪುಗಳಿಗಾದರೂ ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಉಪ್ಪುಗಾಳಿಗೆ ಮೊದಲು ಹೋಗುವುದು ಅವೇ.

ಅಡಿಕೆ ತೋಟದವರಿಗೆ ಮರಗಳೇ ಕಂಬ. ನಮ್ಮ ತೋಟಕ್ಕೆ ಕೊನೆ (ಅಡಿಕೆ ಗೊನೆ) ತೆಗೆಯಲು ಬರುವವರ ಹತ್ತಿರ ಒಮ್ಮೆ ಹಗ್ಗ ಕಟ್ಟಿಸಿದೆ. "ಮೇಷ್ಟ್ರೇ, ಗಾಳಿಗೆ ಈ ಮರ ಎಷ್ಟು ವಾಲ್ತದೆ ಅಂತ ಮೇಲೆ ಹತ್ತಿದೋರಿಗೇ ಗೊತ್ತು. ಬಿಗಿಯಾಗಿ ಎಳೀಬೇಡಿ, ತುಂಡಾಗ್ತದೆ" ಅಂದರು. ಅವರ ಮಾತು ಕೇಳಿ ಒಂದು ತುದಿಗೆ ರಾಟೆ ಹಾಕಿಸಿದೆ. ಹಗ್ಗ ರಾಟೆಯ ಮೇಲೆ ಹಾದು ಕೆಳಗಿಳಿದು, ಅದಕ್ಕೆ ಮರಳು ತುಂಬಿದ 5 ಲೀಟರಿನ ಕ್ಯಾನ್ ನೇತಾಡುತ್ತದೆ. ಮರ ವಾಲಿದಾಗ ಕ್ಯಾನ್ ಮೇಲೇರುತ್ತದೆ, ನೇರವಾದಾಗ ಇಳಿಯುತ್ತದೆ. ತಂತಿಯ ಎಳೆತ ಮಾತ್ರ ಒಂದೇ ಸಮ. ಆಮೇಲೆ ಆ ತಂತಿ ತುಂಡಾಗಿಲ್ಲ.

ಹಗ್ಗದಲ್ಲಿ ಬಣ್ಣಬಣ್ಣದ ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಕೈಯಲ್ಲಿ ಉಜ್ಜಿದರೆ ನಾರು ಉದುರಿದರೆ ಬದಲಿಸಲೇಬೇಕು. ನೈಲಾನ್ ಗಟ್ಟಿ, ಆದರೆ ನೆನೆದರೆ ಸಡಿಲವಾಗುತ್ತದೆ. ಪಾಲಿಯೆಸ್ಟರ್ ಹಗ್ಗ ಸಿಕ್ಕರೆ ಅದನ್ನೇ ತನ್ನಿ.

ಮಲೆನಾಡಿನಲ್ಲಿ ಈಗ ಔಷಧಿ ಹೊಡೆಯಲು, ಕೊನೆ ಇಳಿಸಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಎಷ್ಟೆತ್ತರ, ಎಷ್ಟು ಹಗುರ! ಅದಕ್ಕೆ ಆಂಟೆನಾ ತಂತಿ ಸುತ್ತಿ ನಿಲ್ಲಿಸೋಣ ಅಂತ ಯಾರಿಗಾದರೂ ಅನಿಸುತ್ತದೆ. ಬೇಡ. ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತದೆ. ತಂತಿ ಅದರ ಪಕ್ಕದಲ್ಲೇ ಹೋದರೆ ಆಂಟೆನಾದ ಲೆಕ್ಕ ಕೆಡುತ್ತದೆ. ಮರದ ಮೇಲೆ ಹಗ್ಗ ದಾಟಿಸಲು ಬಳಸಿ, ಅಲ್ಲಿಗೆ ಇಳಿಸಿಡಿ. ಅದು ಕರೆಂಟ್ ಲೈನಿಗೆ ತಾಗಿದರೆ ಹಿಡಿದವರ ಪ್ರಾಣಕ್ಕೇ ಅಪಾಯ.

ಗಳವೋ ಪೈಪೋ ದೋಟಿಯೋ, ಯಾವುದಾದರೂ ಸರಿ, ಪೂರ್ತಿ ಉದ್ದಕ್ಕೆ ಅಡ್ಡ ಬಿದ್ದರೂ ಕರೆಂಟ್ ತಂತಿಗೆ ತಾಗದಷ್ಟು ದೂರ ಇರಲಿ. ಎತ್ತುವಾಗ ಒಬ್ಬರೇ ಇರಬೇಡಿ. ಈ ಎರಡರಲ್ಲಿ ರಾಜಿ ಇಲ್ಲ.

ಸಿಡಿಲಿಗೂ ಇಲ್ಲೇ ಒಂದು ಮಾತು. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು ಮಳೆಯೇ ನಮಗೆ ಹೆಚ್ಚು ಅಪಾಯ. ಅರೆಸ್ಟರ್ (ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿದರೆ ಸಾಕೋ, ಕೇಬಲ್ ಕಿತ್ತಿಡಬೇಕೋ ಅಂತ ಕೇಳುತ್ತಾರೆ. ಒಳ್ಳೆಯ ಅರ್ಥಿಂಗಿನ ಜೊತೆ ಅರೆಸ್ಟರ್ ಇದ್ದರೆ ದೂರದ ಸಿಡಿಲಿನ ಹೊಡೆತ ತಡೆಯುತ್ತದೆ. ನೇರ ಬಡಿದರೆ ಯಾವುದೂ ತಡೆಯುವುದಿಲ್ಲ. ಆದ್ದರಿಂದ ಎರಡೂ ಮಾಡಿ. ಮೋಡ ಕಟ್ಟಿದಾಗಲೇ ಕೇಬಲ್ ಕಿತ್ತು ಕಿಟಕಿಯ ಹೊರಗೆ ಹಾಕಿ, ಪವರ್ ಸಪ್ಲೈ ಪ್ಲಗ್ ತೆಗೆಯಿರಿ. ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟಲು ಹೋಗಬೇಡಿ.

ಪವರ್: ಲೀನಿಯರ್, ಎಸ್‌ಎಂಪಿಎಸ್, ಬ್ಯಾಟರಿ

100 ವಾಟ್‌ನ ಸೆಟ್ಟಿಗೆ 13.8 ವೋಲ್ಟ್‌ನಲ್ಲಿ 20–22 ಆಂಪಿಯರ್ ಬೇಕು. ದೊಡ್ಡ ಟ್ರಾನ್ಸ್‌ಫಾರ್ಮರಿನ ಲೀನಿಯರ್ ಸಪ್ಲೈ ಭಾರ, ಬಿಸಿ, ಆದರೆ ರೇಡಿಯೋಗೆ ಗದ್ದಲ ಮಾಡುವುದಿಲ್ಲ. ಕೆಟ್ಟರೆ ನೀವೇ ರಿಪೇರಿ ಮಾಡಬಹುದು. ಒಳಗಿರುವುದು ಡಯೋಡ್, ಕೆಪಾಸಿಟರ್, ನಾಲ್ಕೈದು ಪವರ್ ಟ್ರಾನ್ಸಿಸ್ಟರ್. ಹಳ್ಳಿಯಲ್ಲಿ ಸಂಜೆ ಕರೆಂಟ್ 170–180 ವೋಲ್ಟಿಗೆ ಇಳಿದಾಗ ಮಾತ್ರ ಇದು ಸೋಲುತ್ತದೆ, ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನಲ್ಲಿ ಇರುವಂಥ ಸ್ವಿಚಿಂಗ್ ಸಪ್ಲೈ, ಹಗುರ. ಇನ್‌ಪುಟ್ ವಿಸ್ತಾರ ಹೆಚ್ಚಿರುವ ಮಾಲಾದರೆ ಕಡಿಮೆ ವೋಲ್ಟೇಜಿನಲ್ಲೂ ನಡೆಯುತ್ತದೆ. ಅಗ್ಗದ್ದು ತಂದರೆ 40 ಮೀಟರ್ ಬ್ಯಾಂಡಿನ ತುಂಬ ಕರಕರ.

ಬಹಳ ಮನೆಗಳಲ್ಲಿ ಇನ್ವರ್ಟರಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಆಗಲೇ ಇದೆ. ಅದು ಅತ್ಯುತ್ತಮ ಪವರ್ ಸಪ್ಲೈ. ನಿಶ್ಶಬ್ದ, ಕರೆಂಟ್ ಹೋದರೂ ಸ್ಟೇಷನ್ ನಿಲ್ಲುವುದಿಲ್ಲ. ಇನ್ವರ್ಟರಿನ ಚಾರ್ಜರ್ ಗದ್ದಲ ಮಾಡಿದರೆ ಮಾತಾಡುವ ಹೊತ್ತಿಗೆ ಆಫ್ ಮಾಡಿ. ಬ್ಯಾಟರಿಯ ಟರ್ಮಿನಲ್ ಹತ್ತಿರವೇ ಫ್ಯೂಸ್ ಇರಲೇಬೇಕು. ಶಾರ್ಟ್ ಆದರೆ ಆ ಬ್ಯಾಟರಿ ನೂರಾರು ಆಂಪಿಯರ್ ಕೊಟ್ಟು ತಂತಿಯನ್ನು ಕೆಂಪಗೆ ಕಾಯಿಸುತ್ತದೆ. ತಂತಿ ದಪ್ಪ ಇರಲಿ. ಬ್ಯಾಟರಿ 3 ಮೀಟರ್ ದೂರದಲ್ಲಿದ್ದು 2.5 ಚದರ ಮಿಲಿಮೀಟರ್ ತಂತಿ ಹಾಕಿದರೆ, ಹೋಗಿ ಬರುವ 6 ಮೀಟರಿನಲ್ಲಿ 22 ಆಂಪಿಯರಿಗೆ 0.9 ವೋಲ್ಟ್ ನಷ್ಟ. 6 ಚದರ ಮಿಲಿಮೀಟರ್ ಹಾಕಿದರೆ 0.4ರೊಳಗೆ. ಮಾತಾಡುವಾಗ ಡಿಸ್‌ಪ್ಲೇ ಮಿಣುಕುವ, ದನಿ ಒಡೆಯುವ ಸೆಟ್ಟುಗಳಲ್ಲಿ ಎಷ್ಟೋ ಸಲ ರೋಗ ಇದೊಂದೇ.

ಗದ್ದಲ ಎಲ್ಲಿಂದ ಅಂತ ತಿಳಿಯಲು ಸೆಟ್ಟನ್ನು ಬ್ಯಾಟರಿಯಲ್ಲಿ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಸೆಟ್ಟಿನಲ್ಲಿ ಸಿಗ್ನಲ್ ಬಲ ತೋರಿಸುವ ಎಸ್ ಮೀಟರ್ ನೋಡಿ. ಮುಳ್ಳು ಬಿದ್ದರೆ ಶತ್ರು ಮನೆಯೊಳಗೇ ಇದೆ. ಆಮೇಲೆ ಎಲ್‌ಇಡಿ ಬಲ್ಬು, ಚಾರ್ಜರ್, ಒಂದೊಂದೇ ಹುಡುಕಿ.

ಬೆಸುಗೆ ಕಡ್ಡಿ

25 ವಾಟ್‌ನದು ಬೋರ್ಡಿನ ಕೆಲಸಕ್ಕೆ, 60 ವಾಟ್ ಅಥವಾ ಮೇಲಿನದು ಕೇಬಲಿನ ತುದಿಗೆ ಹಾಕುವ ಪಿಎಲ್-259 ಕನೆಕ್ಟರಿಗೆ. ಒಂದರ ಕೆಲಸ ಇನ್ನೊಂದರಿಂದ ಆಗದು. ಸಣ್ಣ ಕಡ್ಡಿಯಿಂದ ಕನೆಕ್ಟರಿನ ಮೈ ಕಾಯಿಸುತ್ತಾ ಕೂತರೆ ಬೆಸುಗೆ ಹಿಡಿಯುವ ಮುಂಚೆ ಕೇಬಲಿನ ಒಳಪ್ಲಾಸ್ಟಿಕ್ ಕರಗಿ, ನಡುತಂತಿ ಸರಿದು ಶಾರ್ಟ್ ಆಗುತ್ತದೆ. ದೊಡ್ಡ ಕಡ್ಡಿಯಿಂದ ಬೇಗ ಕಾಯಿಸಿ ಬೇಗ ಬಿಡಿ, ಆಮೇಲೆ ಮಲ್ಟಿಮೀಟರಿನಲ್ಲಿ ನೋಡಿ. ಸೀಸ ಬೆರೆತ 60/40 ಬೆಸುಗೆ ತಂತಿ ಕೈಗೆ ಸುಲಭ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಸೆಟ್ಟೇ ಕೆಟ್ಟರೆ: ಮನೆಯಲ್ಲೋ, ಕಳಿಸುವುದೋ?

ಡಮ್ಮಿ ಲೋಡಿನಲ್ಲೂ ಪವರ್ ಬರಲಿಲ್ಲ, ಬ್ಯಾಟರಿ ಬದಲಿಸಿದರೂ ಸರಿಯಾಗಲಿಲ್ಲ. ಆಗ ಸೆಟ್ ಬಿಚ್ಚುವ ಮಾತು.

ಕಿಟ್ ಸೆಟ್, ಅಂದರೆ ಬಿಡಿಭಾಗ ತಂದು ನೀವೇ ಜೋಡಿಸಿದ ಸೆಟ್ ಇದ್ದವರು ಮನೆಯಲ್ಲೇ ಮಾಡಿ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್ಎಕ್ಸ್ ಸೆಟ್‌ಗಳ ಸರ್ಕ್ಯೂಟ್ ಎಲ್ಲರಿಗೂ ತೆರೆದಿದೆ. ಯಾವ ಬಿಂದುವಿನಲ್ಲಿ ಏನು ಇರಬೇಕು ಅಂತ ಓದಿಕೊಂಡೇ ಅಳೆಯಬಹುದು. ಆಂಟೆನಾ ಇಲ್ಲದೆ ಒತ್ತಿ ಕೊನೆಯ ಐಆರ್‌ಎಫ್510 ಟ್ರಾನ್ಸಿಸ್ಟರ್ ಸುಟ್ಟಿದ್ದರೂ ಅದು ಅಗ್ಗದ ಬಿಡಿಭಾಗ. ಹೊಸದು ಹಾಕಿದ ಮೇಲೆ ಬಯಾಸ್ ಕರೆಂಟ್ (ಸಿಗ್ನಲ್ ಇಲ್ಲದಾಗಲೂ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಕರೆಂಟ್) ಸೊನ್ನೆಯಿಂದ ಮೆಲ್ಲಗೆ ಏರಿಸಿ. ಬಯಾಸನ್ನು ಹಳೆಯ ಜಾಗದಲ್ಲೇ ಬಿಟ್ಟು ಆನ್ ಮಾಡಿದರೆ ಹೊಸದೂ ಹೋಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಸೆಟ್ ನಾನು ಕಂಡಿಲ್ಲ.

ಯಾಯೆಸು (Yaesu) ಎಫ್‌ಟಿ-101, ಕೆನ್‌ವುಡ್ ಟಿಎಸ್-520ರಂಥ ವಾಲ್ವ್ ಸೆಟ್ ಹಿರಿಯರಿಂದ ಬಂದಿರುತ್ತದೆ. ಒಳಗೆ ಜಾಗ ಧಾರಾಳ, ಭಾಗಗಳು ಕಣ್ಣಿಗೆ ಕಾಣುತ್ತವೆ. ಆದರೆ ಕೊನೆಯ ವಾಲ್ವಿಗೆ 600ರಿಂದ 800 ವೋಲ್ಟ್ ಡಿಸಿ ಇರುತ್ತದೆ, ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಉಳಿಯುತ್ತದೆ. ಪ್ಲಗ್ ಕಿತ್ತು ಕಾಯಿರಿ, ರೆಸಿಸ್ಟರ್ ಮೂಲಕ ಡಿಸ್‌ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ, ಅದೂ ಒಂದೇ ಕೈ. ಇದು ಅಭ್ಯಾಸವಿಲ್ಲದವರು ವಾಲ್ವ್ ಕಾಲದ ಹಿರಿಯ ಹ್ಯಾಮ್ ಒಬ್ಬರ ಪಕ್ಕದಲ್ಲಿ ಕೂತು ಮಾಡಬೇಕಾದ ಕೆಲಸ. ಇಂಥವರು ಊರೂರಿನಲ್ಲಿ ಇದ್ದಾರೆ, ಕೇಳಿದರೆ ಸಂತೋಷದಿಂದ ಬರುತ್ತಾರೆ.

1990ರ ದಶಕದ ಆಮೇಲಿನ ಸೆಟ್‌ಗಳಲ್ಲಿ ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪ. ಮೆಮೊರಿಯ ನಾಣ್ಯದಂಥ ಬ್ಯಾಟರಿ, ಫ್ಯಾನ್, ಕರಕರ ಅನ್ನುವ ವಾಲ್ಯೂಮ್ ಕಂಟ್ರೋಲಿಗೆ ಕಾಂಟ್ಯಾಕ್ಟ್ ಕ್ಲೀನರ್. ಬಾಗಿಲ ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ ಅಲ್ಲ, ಅದು ಧೂಳು ಹಿಡಿಯುತ್ತದೆ. ರಿಲೇ ಸಂಪರ್ಕ ಕೆಟ್ಟರೆ ದಪ್ಪ ಕಾಗದದ ಪಟ್ಟಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ನಡುವೆ ಎಳೆಯಿರಿ, ಉಪ್ಪುಕಾಗದ ಬೇಡ. ಬೋರ್ಡಿನಲ್ಲಿ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸೋರಿ ಮೀನಿನಂಥ ವಾಸನೆ ಬರುತ್ತಿದ್ದರೆ, ಸುತ್ತಲಿನ ತಾಮ್ರದ ಗೆರೆಯೂ ತಿಂದುಹೋಗಿರಬಹುದು. ಬಿಸಿಗಾಳಿಯ ಸ್ಟೇಷನ್, ಭೂತಗನ್ನಡಿ, ಒಳ್ಳೆಯ ಅಭ್ಯಾಸ ಇಲ್ಲದಿದ್ದರೆ ಕಳಿಸಿ. ಸಣ್ಣ ಕೈಸೆಟ್ಟಿನ ಬ್ಯಾಟರಿ, ಆಂಟೆನಾ ಬದಲಿಸಿ. ಅದಕ್ಕಿಂತ ಒಳಗೆ ಹೋದರೆ ಸೆಟ್ಟಿನ ಬೆಲೆಗಿಂತ ಕೂಲಿ ಜಾಸ್ತಿ.

ಕಳಿಸುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ನಾನೊಮ್ಮೆ ದೂರದ ಒಂದು ಅಂಗಡಿಗೆ ಕಳಿಸಿದ್ದ ಸೆಟ್ ಮೂರು ಸ್ಕ್ರೂ ಕಡಿಮೆಯಾಗಿ, ಫಿಲ್ಟರ್ ತಿರುಚಿದ ಸ್ಥಿತಿಯಲ್ಲಿ ವಾಪಸ್ ಬಂತು. ಹೇಳಲು ನನ್ನ ಹತ್ತಿರ ಪುರಾವೆ ಇರಲಿಲ್ಲ. ಜೊತೆಗೆ ಒಂದು ಚೀಟಿ ಬರೆದಿಡಿ: ಯಾವ ಬ್ಯಾಂಡಿನಲ್ಲಿ, ಎಷ್ಟು ವೋಲ್ಟಿನಲ್ಲಿ, ಬಿಸಿಯಾದ ಮೇಲೋ ಹಾಕಿದ ಕೂಡಲೋ, ಡಮ್ಮಿ ಲೋಡಿನಲ್ಲಿ ಎಷ್ಟು ವಾಟ್ ಬರುತ್ತದೆ. "ಸರಿಯಾಗಿ ಕೆಲಸ ಮಾಡುತ್ತಿಲ್ಲ" ಅಂತಷ್ಟೇ ಬರೆದರೆ ಅವರೂ ಏನು ಮಾಡಿಯಾರು? ಮೈಕ್ ಮತ್ತು ಪವರ್ ಕಾರ್ಡನ್ನೂ ಅದೇ ಪೆಟ್ಟಿಗೆಯಲ್ಲಿ ಹಾಕಿ. ಮೈಕಿನ ಪ್ಲಗ್ಗಿನೊಳಗೆ ಬಿಟ್ಟುಹೋದ ಒಂದು ಎಳೆ ತಂತಿಗಾಗಿ ಇಡೀ ಸೆಟ್ ಬಿಚ್ಚಿಸಿದವರನ್ನು ನಾನು ನೋಡಿದ್ದೇನೆ.